ಕಲ್ಯಾಣಕ್ಕೆ ಯಾವ ಬಣ್ಣ?

ಹೈದರಾಬಾದ್-ಪುಣೆ ಹೆದ್ದಾರಿಯಲ್ಲಿ ಹುಮನಾಬಾದನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಸಸ್ತಾಪುರ ಬಂಗ್ಲಾ ಎಂಬ ನಿಲುಗಡೆ ದೊರೆಯುತ್ತದೆ. ಅಲ್ಲಿಂದ ಒಳಗೆ ತಿರುಗಿದರೆ ಕೆಲವೇ ಕಿಲೋಮೀಟರುಗಳಲ್ಲಿ ಬಸವಕಲ್ಯಾಣ. ದಾರಿಯ ಇಕ್ಕೆಲಗಳಲ್ಲಿ ನೆಲದ ಬಣ್ಣ ಬದಲಾಗುತ್ತಲೇ ಇರುತ್ತದೆ. ಒಂದೆಡೆ ಜಂಬಿಟ್ಟಿಗೆಯ ಕೆಂಪು, ಇನ್ನೊಂದೆಡೆ ಎರೆಮಣ್ಣಿನ ಕಪ್ಪು. ಮಳೆಗಾಲದಲ್ಲಿ ಉದ್ದು-ಹೆಸರಿನ ಹಸಿರು, ಅದು ಮುಗಿದ ಮೇಲೆ ತೊಗರಿಯ ಹಳದಿ ಹೂ, ಹಿಂಗಾರಿನಲ್ಲಿ ಜೋಳದ ತೆನೆಯ ಬಿಳುಪು. ಎಂಟುನೂರು ವರ್ಷಗಳ ಹಿಂದೆ ದೂರದೂರದ ನಾಡುಗಳಿಂದ ಕಲ್ಯಾಣವನ್ನು ಅರಸಿ ಬಂದ ಶರಣರು ತುಳಿದದ್ದು ಇದೇ ಕೆಂಪು-ಕಪ್ಪು ನೆಲವನ್ನು. ಅರಮನೆಗಳು ಹೋಗಿವೆ, ಪೀಠಗಳು ಹೋಗಿವೆ; ಮಣ್ಣಿನ ಬಣ್ಣ ಮಾತ್ರ ಹಾಗೆಯೇ ಉಳಿದಿದೆ.

ಯಾತ್ರಿಕರು ಈ ಊರಿಗೆ ಬರುವಾಗ ಬರಿಗಣ್ಣಿನಿಂದ ಬರುವುದಿಲ್ಲ. ಅವರ ಕಣ್ಣಿನೊಳಗೆ ಆಗಲೇ ಒಂದು ಕಲ್ಯಾಣವಿರುತ್ತದೆ. ಅದು ಕ್ಯಾಲೆಂಡರಿನ ಚಿತ್ರಗಳಿಂದ, ಜಯಂತಿಯ ಮೆರವಣಿಗೆಗಳಿಂದ, ನಾಟಕ ಕಂಪನಿಗಳ ಪರದೆಗಳಿಂದ, ಎಲ್ಲಕ್ಕಿಂತ ಹೆಚ್ಚಾಗಿ ಚಲನಚಿತ್ರಗಳಿಂದ ಕಟ್ಟಿಕೊಂಡ ಕಲ್ಯಾಣ. ಬಿಜ್ಜಳನ ಸಿಂಹಾಸನ ಹೇಗಿತ್ತು, ಅಣ್ಣನವರು ಯಾವ ಉಡುಪಿನಲ್ಲಿ ಭಂಡಾರದ ಲೆಕ್ಕ ನೋಡಿದರು, ಅನುಭವ ಮಂಟಪದಲ್ಲಿ ಕುಳಿತವರು ಏನನ್ನು ಹೊದ್ದಿದ್ದರು ಎಂದು ಕೇಳಿದರೆ ನಮ್ಮ ಮನಸ್ಸಿನಲ್ಲಿ ಮೂಡುವ ಉತ್ತರ ಬಹುಮಟ್ಟಿಗೆ ಒಬ್ಬ ಕಲಾ ನಿರ್ದೇಶಕನು ಕೊಟ್ಟ ಉತ್ತರವೇ ಆಗಿರುತ್ತದೆ. ಆದುದರಿಂದ ಆ ಬಣ್ಣಗಳು ಎಲ್ಲಿಂದ ಬಂದವು, ಅವುಗಳಲ್ಲಿ ಎಷ್ಟು ಸತ್ಯವಿದೆ ಎಂದು ಕಲ್ಯಾಣದ ಬೀದಿಗಳಲ್ಲಿಯೇ ನಿಂತು ವಿಚಾರಿಸುವುದು ಉಚಿತವೆನಿಸುತ್ತದೆ.

ಕಪ್ಪು-ಬಿಳುಪಿನ ಕಲ್ಯಾಣ

ಕನ್ನಡ ಚಿತ್ರರಂಗವು ಬಸವಣ್ಣನವರ ಚರಿತ್ರೆಯನ್ನು ವಿಸ್ತಾರವಾಗಿ ತೆರೆಗೆ ತಂದದ್ದು 1959ರ 'ಜಗಜ್ಯೋತಿ ಬಸವೇಶ್ವರ' ಚಿತ್ರದಲ್ಲಿ. ಟಿ.ವಿ. ಸಿಂಗ್ ಠಾಕೂರ್ ಅವರ ನಿರ್ದೇಶನದ ಆ ಚಿತ್ರದಲ್ಲಿ ಹೊನ್ನಪ್ಪ ಭಾಗವತರ್ ಅವರು ಬಸವಣ್ಣನವರಾಗಿಯೂ ರಾಜಕುಮಾರ್ ಅವರು ಬಿಜ್ಜಳನಾಗಿಯೂ ಅಭಿನಯಿಸಿದರು. ಚಿತ್ರ ಕಪ್ಪು-ಬಿಳುಪಿನದು. ನಮ್ಮ ಹಿರಿಯರು ಅದನ್ನು ನೆನೆಯುವಾಗ ಮಾತ್ರ ಬಣ್ಣಗಳಲ್ಲಿಯೇ ನೆನೆಯುತ್ತಾರೆ. ಹೊನ್ನಿನ ಕಿರೀಟ, ಕೆಂಪು ಪೀತಾಂಬರ ಎಂದೆಲ್ಲ ವರ್ಣಿಸುತ್ತಾರೆ. ತೆರೆಯ ಮೇಲೆ ಇಲ್ಲದ ಬಣ್ಣವನ್ನು ಭಕ್ತಿ ತುಂಬಿಕೊಡುತ್ತದೆ.

ಕಪ್ಪು-ಬಿಳುಪಿನ ಕಾಲದಲ್ಲಿಯೂ ಕಲಾ ನಿರ್ದೇಶಕನಿಗೆ ಬಣ್ಣದ ಚಿಂತೆ ತಪ್ಪಿದ್ದಲ್ಲ. ಒಂದೇ ಪ್ರಮಾಣದ ಹೊಳಪುಳ್ಳ ಕೆಂಪು ಮತ್ತು ಹಸಿರು ಆ ಫಿಲ್ಮಿನಲ್ಲಿ ಒಂದೇ ಬೂದಿಯಾಗಿ ಕಾಣುತ್ತವೆ. ರಾಜನಿಗೆ ಕೆಂಪು, ಮಂತ್ರಿಗೆ ಹಸಿರು ಎಂದು ಉಡಿಸಿದರೆ ತೆರೆಯಲ್ಲಿ ಇಬ್ಬರೂ ಒಂದೇ ಬಟ್ಟೆಯವರಾಗುತ್ತಾರೆ. ಆದುದರಿಂದ ಬಣ್ಣಕ್ಕಿಂತ ಅದರ ಗಾಢತೆ ಮುಖ್ಯವಾಗಿತ್ತು. ಹಿತ್ತಾಳೆಗೂ ಚಿನ್ನಕ್ಕೂ ಅಲ್ಲಿ ವ್ಯತ್ಯಾಸವಿರಲಿಲ್ಲ. ಎಲ್ಲಕ್ಕಿಂತ ತೊಡಕಿನದು ಅಚ್ಚ ಬಿಳಿಯ ಬಟ್ಟೆ. ಪ್ರಖರವಾದ ದೀಪಗಳಡಿಯಲ್ಲಿ ಅದು ಕಣ್ಣು ಕುಕ್ಕುವಂತೆ ಹೊಳೆದು, ನೆರಿಗೆಗಳನ್ನು ಅಳಿಸಿ, ಉಟ್ಟವರ ಮುಖವನ್ನೇ ಮಸಕಾಗಿಸುತ್ತದೆ. ಅದಕ್ಕಾಗಿ ಬಿಳಿಯ ಧೋತರವನ್ನು ಚಹದ ನೀರಿನಲ್ಲಿ ಅದ್ದಿ ಒಣಗಿಸಿ ಸ್ವಲ್ಪ ಮಂದಗೊಳಿಸುವ ರೂಢಿ ಚಲನಚಿತ್ರ ಜಗತ್ತಿನಲ್ಲಿ ಬಹುಕಾಲದಿಂದ ಇದೆ. ತೆರೆಯ ಮೇಲೆ ನಾವು ಕಾಣುವ ಶುಭ್ರತೆಯ ಹಿಂದೆ ಇಂತಹ ಕಂದು ನೀರಿನ ಪಾತ್ರೆಯೊಂದು ಇರುವುದುಂಟು.

ಕನ್ನಡದಲ್ಲಿ ಪೂರ್ಣ ಪ್ರಮಾಣದ ವರ್ಣಚಿತ್ರ ಬಂದದ್ದು 1964ರಲ್ಲಿ, ಬಿ.ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ'ಯ ಮೂಲಕ. ಅದೂ ಪ್ರಾಚೀನ ಕಾಲದ ಕಥೆಯೇ ಎಂಬುದು ಗಮನಾರ್ಹ. ಬಣ್ಣ ಕೈಗೆ ಸಿಕ್ಕಿದಾಗ ಚಿತ್ರರಂಗವು ಮೊದಲು ನೋಡಿದ್ದು ಗತವೈಭವದ ಕಡೆಗೆ. 1970ರಲ್ಲಿ ಬಿ.ಆರ್. ಪಂತುಲು ಅವರ 'ಶ್ರೀ ಕೃಷ್ಣದೇವರಾಯ', 1975ರಲ್ಲಿ 'ಮಯೂರ' ಬಂದವು. 1983ರಲ್ಲಿ ಕೆ.ಎಸ್.ಎಲ್. ಸ್ವಾಮಿಯವರ 'ಕ್ರಾಂತಿಯೋಗಿ ಬಸವಣ್ಣ' ಬಂದಿತು; ಅದರಲ್ಲಿ ಅಶೋಕ್ ಅವರು ಬಸವಣ್ಣನವರ ಪಾತ್ರ ವಹಿಸಿದರು. ಹೊಳೆಯುವ ಸ್ಯಾಟಿನ್, ಮಿಂಚುವ ಜರಿ, ಬಣ್ಣದ ದೀಪಗಳು ಆ ಕಾಲದ ಐತಿಹಾಸಿಕ ಚಿತ್ರಗಳ ಸಾಮಾನ್ಯ ಲಕ್ಷಣವಾಗಿದ್ದವು. ನಾಟಕ ಕಂಪನಿಯ ರಂಗಸಜ್ಜಿಕೆಯಿಂದ ಬಂದ ಬಳುವಳಿ ಅದು. ದೂರದಲ್ಲಿ ಕುಳಿತ ಪ್ರೇಕ್ಷಕನಿಗೂ ರಾಜನು ರಾಜನೆಂದು ತಿಳಿಯಬೇಕೆಂಬ ಉದ್ದೇಶ ಅದರಲ್ಲಿತ್ತು.

ಆ ಕಾಲದ ವರ್ಣಚಿತ್ರಗಳ ಹಳೆಯ ಪ್ರತಿಗಳನ್ನು ಇಂದು ನೋಡಿದವರು ಇನ್ನೊಂದು ಸಂಗತಿಯನ್ನು ಗಮನಿಸಿರಬಹುದು. ಅವುಗಳಲ್ಲಿ ಆಕಾಶವೂ ಗಿಡಮರಗಳೂ ಮನುಷ್ಯರೂ ಕೆಂಪಡರಿದಂತೆ ಕಾಣುತ್ತಾರೆ. ಅಂದಿನ ಈಸ್ಟ್‌ಮನ್ ವರ್ಣದ ಪ್ರತಿಗಳಲ್ಲಿ ನೀಲಿ-ಹಸಿರಿನ ಛಾಯೆಯ ಪದರವು ಬೇಗ ಮಾಸುತ್ತಿತ್ತು. ಕೆಂಪು ಮಾತ್ರ ಉಳಿಯುತ್ತಿತ್ತು. ಕಲಾ ನಿರ್ದೇಶಕನು ಆರಿಸಿದ ಬಣ್ಣವೂ ಕಾಲ ಕಳೆದಂತೆ ಹೀಗೆ ಬೇರೆಯಾಗುತ್ತದೆ.

ಕೋಟೆ ಹೇಳುವ ಎಚ್ಚರಿಕೆ

ಬಸವಕಲ್ಯಾಣದ ಕೋಟೆಯನ್ನು ಪ್ರವೇಶಿಸಿದವರಿಗೆ ಇದೇ ಬಿಜ್ಜಳನ ಅರಮನೆಯೆಂಬ ಭಾವನೆ ಸಹಜವಾಗಿ ಬರುತ್ತದೆ. ಕಪ್ಪುಕಲ್ಲಿನ ದಪ್ಪ ಗೋಡೆಗಳು, ಬಾಗಿದ ದ್ವಾರಗಳು, ಬುರುಜಿನ ಮೇಲಿನ ಫಿರಂಗಿಗಳು ಕಣ್ಣು ಸೆಳೆಯುತ್ತವೆ. ಚಾಲುಕ್ಯ ಒಂದನೆಯ ಸೋಮೇಶ್ವರನು 11ನೆಯ ಶತಮಾನದಲ್ಲಿ ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. 12ನೆಯ ಶತಮಾನದ ನಡುಭಾಗದಲ್ಲಿ ಕಳಚುರಿ ಬಿಜ್ಜಳನು ಸಿಂಹಾಸನವನ್ನು ಕೈವಶ ಮಾಡಿಕೊಂಡನು. ಆದರೆ ಇಂದು ನಿಂತಿರುವ ಕಟ್ಟಡಗಳ ಬಹುಭಾಗವು ಬಹಮನಿಗಳ ಕಾಲದಲ್ಲಿ ಮತ್ತು ಅನಂತರ ಕಟ್ಟಿದ್ದು, ತಿದ್ದಿ ಬೆಳೆಸಿದ್ದು. ಬಿಜ್ಜಳನ ಕಾಲದಲ್ಲಿ ಇಲ್ಲಿ ಫಿರಂಗಿ ಇರಲಿಲ್ಲ. ಅದನ್ನು ಇಡುವ ಬುರುಜೂ ಇರಲಿಲ್ಲ. ಈ ಕಮಾನುಗಳ ಮುಂದೆ ಬಿಜ್ಜಳನ ಒಡ್ಡೋಲಗವನ್ನು ಚಿತ್ರೀಕರಿಸಿದರೆ ಊರು ಸರಿಯಾದರೂ ಕಾಲ ತಪ್ಪಿದಂತೆ.

ಇಂತಹ ಸಣ್ಣ ಸಂಗತಿಗಳೇ ಕಲಾ ನಿರ್ದೇಶನದ ಪ್ರಾಣ. ಚಾಲುಕ್ಯರ ಲಾಂಛನ ವರಾಹ. ಕಳಚುರಿಗಳು ಬಿರುದು ಹೇಳಿಕೊಂಡದ್ದು ಸುವರ್ಣ ವೃಷಭ ಧ್ವಜದ ಮೇಲೆ. ವೃಷಭವೆಂದರೆ ಬಸವ. ಅರಮನೆಯ ಬಾವುಟದಲ್ಲಿ ಹೊನ್ನಿನ ಎತ್ತು. ಆ ಅರಮನೆಯ ಭಂಡಾರದಲ್ಲಿ ಎತ್ತಿನ ಹೆಸರನ್ನೇ ಹೊತ್ತ ಪುರುಷ. ಇದನ್ನು ತಿಳಿದ ಕಲಾ ನಿರ್ದೇಶಕನಿಗೆ ಒಂದು ದೃಶ್ಯದ ಅರ್ಥವೇ ಬೇರೆಯಾಗಿ ತೆರೆದುಕೊಳ್ಳುತ್ತದೆ. ತಿಳಿಯದವನು ಬಾವುಟಕ್ಕೆ ಹಸಿರೋ ನೀಲಿಯೋ ಬಳಿದು ಸುಮ್ಮನಾಗುತ್ತಾನೆ.

ಕಲ್ಲಿನ ಸಾಕ್ಷಿ

ಹಾಗಾದರೆ 12ನೆಯ ಶತಮಾನದ ಉಡುಗೆ-ತೊಡುಗೆಗಳಿಗೆ ಸಾಕ್ಷಿ ಎಲ್ಲಿದೆ? ಬಸವಕಲ್ಯಾಣಕ್ಕೆ ಹತ್ತಿರದ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ. ಹುಮನಾಬಾದಿನ ಬಳಿಯ ಜಲಸಂಗ್ವಿಯ ಕಲ್ಮೇಶ್ವರ ದೇವಾಲಯವಂತೂ ಮದನಿಕೆಯರ ಶಿಲ್ಪಗಳಿಗೆ ಹೆಸರಾದುದು. ಅವರಲ್ಲೊಬ್ಬಳು ಕಲ್ಲಿನ ಫಲಕದ ಮೇಲೆ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತಿದ್ದಾಳೆ. ಅಕ್ಷರ ಬಲ್ಲ ಹೆಣ್ಣಿನ ಈ ಶಿಲ್ಪವನ್ನು ನೋಡಿದಾಗ, ಒಂದೆರಡು ತಲೆಮಾರು ಕಳೆದ ಮೇಲೆ ಇದೇ ಸೀಮೆಯಲ್ಲಿ ಶರಣೆಯರು ವಚನಗಳನ್ನು ರಚಿಸಿದರೆಂಬುದು ನೆನಪಿಗೆ ಬಂದು ಮನಸ್ಸು ಆರ್ದ್ರವಾಗುತ್ತದೆ.

ಈ ಶಿಲ್ಪಗಳನ್ನು ಕಲಾ ನಿರ್ದೇಶಕನ ಕಣ್ಣಿನಿಂದ ನೋಡಬೇಕು. ನಡುವಿನಿಂದ ಕೆಳಗೆ ಇಳಿದ ವಸ್ತ್ರದ ನೆರಿಗೆ, ಅದರ ಮೇಲಿನ ಡಾಬು, ತುರುಬಿನ ಕಟ್ಟು, ಕಿವಿಯ ಓಲೆ, ತೋಳಿನ ಬಂದಿ, ಕಾಲಿನ ಕಡಗ ಎಲ್ಲವೂ ಸ್ಪಷ್ಟ. ನಾವು ತೆರೆಯ ಮೇಲೆ ಕಾಣುವ ಹೊಲಿದ ಕುಪ್ಪಸ, ಉದ್ದ ತೋಳಿನ ಅಂಗಿ, ಕಾಲಿಗೆ ಬಿಗಿದ ಚಲ್ಲಣ ಇಲ್ಲಿ ಅಪರೂಪ. ಗಂಡಸರೂ ಹೆಂಗಸರೂ ಹೆಚ್ಚಾಗಿ ಹೊಲಿಯದ ವಸ್ತ್ರವನ್ನು ಉಟ್ಟು ಹೊದೆಯುತ್ತಿದ್ದ ಕಾಲ ಅದು. ಶಿಲ್ಪಶಾಸ್ತ್ರದ ಸಂಪ್ರದಾಯವೂ ಇದರಲ್ಲಿ ಸೇರಿದೆಯೆಂಬುದು ನಿಜ. ದೇವಾಲಯದ ಶಿಲ್ಪವನ್ನು ಸಂತೆಯ ಛಾಯಾಚಿತ್ರವೆಂದು ತಿಳಿಯಲಾಗದು. ಆದರೂ ಉಡುವ ಬಗೆಯನ್ನು ಹೇಳಲು ಇದಕ್ಕಿಂತ ಹತ್ತಿರದ ಸಾಕ್ಷಿ ಇಲ್ಲ. ಗಿರೀಶ ಕಾರ್ನಾಡರು 'ಮೃಚ್ಛಕಟಿಕ'ವನ್ನು ಆಧರಿಸಿ 1984ರಲ್ಲಿ ಹಿಂದಿಯಲ್ಲಿ 'ಉತ್ಸವ್' ಚಿತ್ರವನ್ನು ನಿರ್ದೇಶಿಸಿದಾಗ ಪ್ರಾಚೀನ ಶಿಲ್ಪ-ಚಿತ್ರಗಳ ಉಡುಗೆಯನ್ನು ತೆರೆಗೆ ತರಲು ಯತ್ನಿಸಿದ್ದರು. ನಾಟಕ ಕಂಪನಿಯ ಪೆಟ್ಟಿಗೆಯಿಂದಾಚೆಗೂ ದಾರಿಯುಂಟೆಂದು ಅದು ತೋರಿಸಿತು.

ಆದರೆ ಶಿಲೆಯು ಸೆರಗಿನ ಅಂಚನ್ನು ಹೇಳುತ್ತದೆ, ಸೆರಗಿನ ಬಣ್ಣವನ್ನು ಹೇಳುವುದಿಲ್ಲ. ಕಲ್ಯಾಣದ ಅರಮನೆಗಳ ಗೋಡೆಯೇ ಉಳಿದಿಲ್ಲವಾದುದರಿಂದ ಗೋಡೆಯ ಚಿತ್ರಗಳ ಮಾತಿಲ್ಲ. ಕನ್ನಡ ನಾಡಿನ 12ನೆಯ ಶತಮಾನದ ಬಣ್ಣವನ್ನು ಕಣ್ಣಾರೆ ಕಾಣಬೇಕಾದರೆ ಮೂಡಬಿದಿರೆಯ ಬಸದಿಯಲ್ಲಿ ಕಾಪಾಡಿಕೊಂಡು ಬಂದ ಧವಲಾ ಗ್ರಂಥಗಳ ತಾಳೆಗರಿಗಳನ್ನು ನೆನೆಯಬೇಕು. ಆ ಗರಿಗಳ ಮೇಲಿನ ಪುಟ್ಟ ಚಿತ್ರಗಳು ಎಂಟು ಶತಮಾನಗಳ ಮೇಲೂ ಬಣ್ಣ ಉಳಿಸಿಕೊಂಡಿವೆ. ಜೈನ ಬಂಧುಗಳ ಶ್ರದ್ಧೆಯಿಂದ ಉಳಿದ ಆ ನಿಧಿಯು ಇಡೀ ಕನ್ನಡ ನಾಡಿನ ನಿಧಿಯೇ ಸರಿ.

ಅರಸನ ಗ್ರಂಥ, ರೈತನ ಹೊಲ

ಇನ್ನೊಂದು ಸಾಕ್ಷಿ ಕಲ್ಯಾಣದಲ್ಲಿಯೇ ಹುಟ್ಟಿದ್ದು. ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ'ಯೇ ಅದು. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಂತೆ ಒಟ್ಟು 100 ಅಧ್ಯಾಯಗಳಲ್ಲಿ ರಾಜ್ಯಭಾರದಿಂದ ಅಡುಗೆಯವರೆಗೆ, ಆನೆಯಿಂದ ಸಂಗೀತದವರೆಗೆ ಎಲ್ಲವನ್ನೂ ಅದು ವಿವರಿಸುತ್ತದೆ. ಬಸವಣ್ಣನವರು ಕಲ್ಯಾಣಕ್ಕೆ ಬರುವುದಕ್ಕೆ ಕೇವಲ ಒಂದು ತಲೆಮಾರಿನಷ್ಟು ಹಿಂದಿನ ಗ್ರಂಥ ಇದು. ಕಲಾ ನಿರ್ದೇಶಕನಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯ ಯಾವುದು?

ಚಿತ್ರಕಲೆಯ ಪ್ರಕರಣದಲ್ಲಿ ಸೋಮೇಶ್ವರನು ಗೋಡೆಯನ್ನು ನುಣುಪುಗೊಳಿಸುವುದನ್ನೂ, ಎಮ್ಮೆಯ ತೊಗಲನ್ನು ಬೇಯಿಸಿ ವಜ್ರಲೇಪವೆಂಬ ಅಂಟನ್ನು ಸಿದ್ಧಪಡಿಸುವುದನ್ನೂ ಹೇಳುತ್ತಾನೆ. ಬಿಳುಪಿಗೆ ಶಂಖದ ಪುಡಿ, ಕೆಂಪಿಗೆ ಇಂಗಳೀಕ, ಅರಗು ಮತ್ತು ಕಾವಿಮಣ್ಣು, ಹಳದಿಗೆ ಹರಿತಾಳ, ಕಪ್ಪಿಗೆ ದೀಪದ ಕಾಡಿಗೆ. ಇವುಗಳ ಬೆರಕೆಯಿಂದ ಉಳಿದ ಛಾಯೆಗಳು. ವಸ್ತ್ರಗಳ ಪ್ರಕರಣದಲ್ಲಿ ನಾಗಪಟ್ಟಣ, ಸಿಂಹಳ, ಕಳಿಂಗ, ವಂಗ, ಮಹಾಚೀನ ಮುಂತಾದೆಡೆಗಳಿಂದ ಬಂದ ಬಟ್ಟೆಗಳ ಉಲ್ಲೇಖವಿದೆ. ಋತುವಿಗೆ ತಕ್ಕ ಉಡುಪು ಯಾವುದೆಂಬ ವಿವೇಚನೆಯೂ ಇದೆ. ಮಂಜಿಷ್ಠೆ, ಅರಗು, ಕುಸುಬೆ, ಅರಿಸಿನ, ನೀಲಿ ಇವು ಅಂದಿನ ಬಣ್ಣಗಾರನ ಸಾಮಗ್ರಿಗಳು.

ಕುಸುಬೆಯ ಹೆಸರು ಬಂದೊಡನೆ ಈ ಸೀಮೆಯ ಓದುಗರಿಗೆ ಎಣ್ಣೆ ನೆನಪಾದೀತು. ಬೀದರ, ಕಲಬುರಗಿ, ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿಗೆ ಬೆಳೆಯುವ ಮುಳ್ಳುಗಿಡ ಅದು. ಅದರ ಎಸಳುಗಳಲ್ಲಿ ಎರಡು ಬಣ್ಣಗಳಿವೆ. ನೀರಿನಲ್ಲಿ ತೊಳೆದರೆ ಹಳದಿಯು ಹರಿದುಹೋಗುತ್ತದೆ. ಉಳಿದ ಎಸಳನ್ನು ಕ್ಷಾರದ ನೀರಿನಲ್ಲಿ ನೆನೆಸಿ, ಆಮೇಲೆ ಹುಳಿಯನ್ನು ಬೆರೆಸಿದರೆ ಅಡಗಿದ್ದ ಕೆಂಪು ಬಟ್ಟೆಗೆ ಹಿಡಿಯುತ್ತದೆ. ನೋಡಲು ಬಹು ಸುಂದರವಾದ ಈ ಕೆಂಪು ಬಿಸಿಲಿಗೆ ನಿಲ್ಲುವುದಿಲ್ಲ. ಕೆಲವು ಒಗೆತಗಳಲ್ಲಿ ಮಾಸುತ್ತದೆ. ಮಂಜಿಷ್ಠೆಯ ಬೇರಿನ ಕೆಂಪು ಹಾಗಲ್ಲ. ಸ್ಫಟಿಕದ ನೀರಿನಲ್ಲಿ ನೆನೆದ ಬಟ್ಟೆಗೆ ಅದು ಹಿಡಿದರೆ ಬಿಡುವುದಿಲ್ಲ. ನೀಲಿಯ ತೊಟ್ಟಿಯಿಂದ ಎತ್ತಿದ ಬಟ್ಟೆ ಮೊದಲು ಹಳದಿ-ಹಸಿರಾಗಿ ಕಂಡು, ಗಾಳಿ ತಾಗುತ್ತಲೇ ನೀಲಿಯಾಗುತ್ತದೆ. ಬಣ್ಣವೆಂದರೆ ಅಂಗಡಿಯ ಡಬ್ಬಿಯಲ್ಲ. ಒಬ್ಬನ ಬೆಳೆ, ಇನ್ನೊಬ್ಬನ ಬೇವಸ.

ರಾಸಾಯನಿಕ ಬಣ್ಣಗಳ ಯುಗ ಆರಂಭವಾದದ್ದು 1856ರಲ್ಲಿ, ಇಂಗ್ಲೆಂಡಿನ ಪರ್ಕಿನ್ ಎಂಬ ತರುಣನು ನೇರಳೆ ಬಣ್ಣವನ್ನು ತಯಾರಿಸಿದಾಗ. ಅದಕ್ಕೆ ಹಿಂದಿನ ಯಾವ ಕಾಲದ ಚಿತ್ರವನ್ನು ತೆಗೆದರೂ ಕಾರ್ಖಾನೆಯ ಬಣ್ಣ ಅಲ್ಲಿ ಸುಳ್ಳಾಗುತ್ತದೆ. ಹಾಗೆಂದು ಈಚಿನ ಕೆಲವು ಐತಿಹಾಸಿಕ ಚಿತ್ರಗಳಂತೆ ಗತಕಾಲವನ್ನೆಲ್ಲ ಧೂಳು-ಕಂದಿನಲ್ಲಿ ಮುಳುಗಿಸುವುದೂ ಸತ್ಯವಲ್ಲ. ಕುಸುಬೆಯ ಕೆಂಪನ್ನೂ ಅರಿಸಿನದ ಹಳದಿಯನ್ನೂ ಬಲ್ಲ ಜನರ ಲೋಕವು ಮಂಕಾಗಿರಲಿಲ್ಲ. ಸ್ಯಾಟಿನ್ನಿನ ಥಳಕು ಒಂದು ತಪ್ಪಾದರೆ ಧೂಳಿನ ಮುಸುಕು ಇನ್ನೊಂದು ತಪ್ಪು.

ಕಾಯಕದ ಬಣ್ಣಗಳು

ಇಷ್ಟೆಲ್ಲ ಹೇಳಿದ ಮೇಲೂ 'ಮಾನಸೋಲ್ಲಾಸ'ವು ಅರಸನ ಗ್ರಂಥ. ಅರಸನು ಏನನ್ನು ಉಡಬೇಕೆಂದು ಅದು ಹೇಳುತ್ತದೆ. ಕಲ್ಯಾಣದ ಕೇರಿಗಳಲ್ಲಿ ಏನಿತ್ತೆಂದು ಹೇಳುವುದಿಲ್ಲ. ದೇವಾಲಯದ ಶಿಲ್ಪವೂ ಹೇಳುವುದಿಲ್ಲ. ಶರಣರ ಸಮಕಾಲೀನ ವರ್ಣಚಿತ್ರವಂತೂ ನಮ್ಮ ಕೈಗೆ ಬಂದಿಲ್ಲ. ಇಲ್ಲಿಂದ ಮುಂದಕ್ಕೆ ದಾರಿ ತೋರಿಸಬೇಕಾದವರು ಶರಣರೇ.

ಬಸವಕಲ್ಯಾಣದಲ್ಲಿ ಯಾತ್ರಿಕರು ಸುತ್ತುವ ಸ್ಥಳಗಳ ಹೆಸರುಗಳನ್ನೇ ಗಮನಿಸಬೇಕು. ಮಡಿವಾಳ ಮಾಚಯ್ಯನವರ ಹೊಂಡ, ನುಲಿಯ ಚಂದಯ್ಯನವರ ಗವಿ, ಹರಳಯ್ಯನವರ ಸ್ಮಾರಕ, ಕಂಬಳಿ ನಾಗಿದೇವರ ಮಠ, ಉರಿಲಿಂಗಪೆದ್ದಿಗಳ ಸ್ಥಾನ, ಅಕ್ಕನಾಗಮ್ಮನವರ ಗವಿ. ರಾಜಧಾನಿಯೊಂದರ ನಕ್ಷೆಯಲ್ಲಿ ಅರಸರ ಹೆಸರು ಹಿಂದೆ ಸರಿದು ಅಗಸ, ಹಗ್ಗ ಹೊಸೆಯುವವ, ಚಮ್ಮಾರ, ಕಂಬಳಿಯವರ ಹೆಸರುಗಳು ನಿಂತಿರುವುದು ಬೇರೆಲ್ಲಿದೆ? ಈ ಹೆಸರುಗಳಲ್ಲಿಯೇ ಒಂದೊಂದು ಬಣ್ಣವಿದೆ. ಮಾಚಯ್ಯನವರದು ಬಿಳುಪು, ಆದರೆ ಇಂದಿನ ಕಾರ್ಖಾನೆಯ ಬೆಳಗುಪುಡಿಯ ನೀಲಿಗಲೆತ ಬಿಳುಪಲ್ಲ, ಚೌಳುಮಣ್ಣಿನಲ್ಲಿ ತೊಳೆದು ಬಿಸಿಲಿಗೆ ಹರವಿದ ಹತ್ತಿಯ ಕೆನೆಬಿಳುಪು. ಹರಳಯ್ಯನವರದು ಹದ ಮಾಡಿದ ತೊಗಲಿನ ಕಂದು. ಚಂದಯ್ಯನವರದು ಒಣಗಿದ ಹುಲ್ಲಿನ ಹೊಂಬಣ್ಣ. ಮೇದಾರ ಕೇತಯ್ಯನವರದು ಬಿದಿರಿನ ಹಸಿರು-ಹಳದಿ. ಕುಂಬಾರ ಗುಂಡಯ್ಯನವರದು ಸುಟ್ಟ ಮಡಕೆಯ ಕೆಂಪು. ಕಂಬಳಿಯದು ದಖ್ಖಣಿ ಕುರಿಯ ಉಣ್ಣೆಯ ಕಪ್ಪು. ಅದಕ್ಕೆ ಬಣ್ಣ ಹಾಕಬೇಕಾಗಿಯೇ ಇಲ್ಲ. ಇವೆಲ್ಲರ ಹಣೆಯ ಮೇಲೆ ಒಂದೇ ಆಗಿರುವುದು ವಿಭೂತಿಯ ಬೂದುಬಿಳುಪು. ಕೊರಳಲ್ಲಿ ಒಂದೇ ಆಗಿರುವುದು ಇಷ್ಟಲಿಂಗದ ಕರಿಯ ಕಾಂತಿ.

ಇದು ಅಲಂಕಾರದ ಮಾತಲ್ಲ. ಚಿತ್ರ ನಿರ್ಮಿಸುವವನಿಗೆ ಬೇಕಾದ ವರ್ಣಯೋಜನೆ ಇಲ್ಲಿಯೇ ಇದೆ. ಅರಮನೆಯಲ್ಲಿ ದೂರದೇಶದಿಂದ ತಂದ ಬಣ್ಣ, ಕೊಂಡು ತಂದ ಬಣ್ಣ. ಮಹಾಮನೆಯಲ್ಲಿ ಕೈಯ ಕೆಲಸ ಕೊಟ್ಟ ಬಣ್ಣ. ಈ ಎರಡು ಲೋಕಗಳನ್ನು ಎದುರುಬದುರಾಗಿ ಇಟ್ಟರೆ ಕಲ್ಯಾಣದಲ್ಲಿ ಏನು ಘಟಿಸಿತೆಂದು ಒಂದು ಮಾತೂ ಇಲ್ಲದೆ ಪ್ರೇಕ್ಷಕನಿಗೆ ತಿಳಿದೀತು. ಜಪಾನಿನ ಅಕಿರ ಕುರೊಸಾವ ಅವರು 1985ರ 'ರಾನ್' ಚಿತ್ರದಲ್ಲಿ ಮೂವರು ರಾಜಪುತ್ರರ ಪಡೆಗಳಿಗೆ ಹಳದಿ, ಕೆಂಪು, ನೀಲಿ ಎಂದು ಬಣ್ಣ ಹಂಚಿ, ರಾಜ್ಯ ಕಳೆದುಕೊಂಡ ಮುದಿ ತಂದೆಯನ್ನು ಬಿಳಿಯಲ್ಲಿ ಅಲೆಸಿದರು. ಆ ಚಿತ್ರದ ಉಡುಪುಗಳಿಗಾಗಿ ಎಮಿ ವಾಡಾ ಎಂಬ ಮಹಿಳೆಗೆ ಆಸ್ಕರ್ ಪ್ರಶಸ್ತಿ ಸಂದಿತು. ಕಥೆಯನ್ನು ಬಟ್ಟೆಯೇ ಹೇಳಬಲ್ಲುದೆಂಬುದಕ್ಕೆ ಅದು ನಿದರ್ಶನ.

ನಮ್ಮ ಶರಣರ ಬದುಕಿನಲ್ಲಿ ಉಡುಪಿನ ಬದಲಾವಣೆ ಎಂಬುದೇ ಜೀವನದ ತಿರುವು. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದು ಕಟ್ಟಿಗೆ ಹೊತ್ತರೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನವರೂ ಮಹಾದೇವಿಯಮ್ಮನವರೂ ರೇಷ್ಮೆಯಿಂದ ಮೊಣಕಾಲುದ್ದದ ಹತ್ತಿಬಟ್ಟೆಗೆ ಬಂದವರು. ಬಸವಣ್ಣನವರ ವಿಷಯದಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ. ಅವರು ಭಂಡಾರಿಯಾಗಿದ್ದವರು, ಆಸ್ಥಾನಕ್ಕೆ ಹೋಗುವಾಗ ಆಸ್ಥಾನದ ಉಡುಪು ಇದ್ದಿರಲೇಬೇಕು. ನಮ್ಮ ಚಿತ್ರಪಟಗಳಲ್ಲಿ ಕೆಲವು ಅವರನ್ನು ಕಿರೀಟದೊಡನೆ, ಕೆಲವು ಕೇವಲ ಬಿಳಿಯ ವಸ್ತ್ರದೊಡನೆ ತೋರಿಸುತ್ತವೆ. ಎರಡೂ ಕಲ್ಪನೆಯೇ. ಆದರೆ ಹರಳಯ್ಯನವರ ಮನೆಯ ಹೊಸ್ತಿಲಲ್ಲಿ ನಿಂತ ಬಸವಣ್ಣನವರಿಗೆ ಕಲಾ ನಿರ್ದೇಶಕನು ಯಾವ ಬಟ್ಟೆ ಉಡಿಸುತ್ತಾನೆಂಬುದು ಅವನು ಶರಣಧರ್ಮವನ್ನು ಹೇಗೆ ಅರ್ಥ ಮಾಡಿಕೊಂಡನೆಂಬುದರ ಉತ್ತರವೂ ಆಗುತ್ತದೆ. ಜರಿಯ ಅಂಗವಸ್ತ್ರದಲ್ಲಿ ನಿಂತರೆ ಅದು ದೊಡ್ಡವನ ಕರುಣೆಯಾಗಿ ಕಾಣುತ್ತದೆ. ಅದೇ ಕೆನೆಬಿಳುಪಿನ ಹತ್ತಿಯಲ್ಲಿ, ಹರಳಯ್ಯನವರ ಬಟ್ಟೆಯಂಥದೇ ಬಟ್ಟೆಯಲ್ಲಿ ನಿಂತರೆ ಅದು ಬಂಧುತ್ವವಾಗಿ ಕಾಣುತ್ತದೆ.

ಅಕ್ಕಮಹಾದೇವಿಯವರನ್ನು ತೆರೆಗೆ ತರುವವರ ಕಷ್ಟ ಎಲ್ಲಕ್ಕಿಂತ ಹಿರಿದು. ಕೌಶಿಕನ ಅರಮನೆಯನ್ನೂ ಅಲ್ಲಿಯ ಉಡುಗೆಯನ್ನೂ ತೊರೆದು ಹೊರಟ ಆ ಮಹಾತಾಯಿಗೆ ಕ್ಯಾಲೆಂಡರುಗಳು ಬಿಳಿಯ ಸೀರೆ ಉಡಿಸಿದವು; ಕೆಲವು ಚಿತ್ರಕಾರರು ಕೇಶರಾಶಿಯನ್ನೇ ಹೊದಿಸಿದರು. ಭಕ್ತರ ಸಂಕೋಚವನ್ನು ಅರಿಯಬಹುದು. ಆದರೆ ಹೊಸ ಹೊಳೆಯುವ ರೇಷ್ಮೆಯಂಚಿನ ಬಿಳಿ ಸೀರೆಯಲ್ಲಿ ಆಕೆಯನ್ನು ನಿಲ್ಲಿಸಿದಾಗ ತ್ಯಾಗದ ಕಥೆಯು ಅಂಗಡಿಯ ಜಾಹೀರಾತಾಗುತ್ತದೆಂಬುದನ್ನು ಮರೆಯಬಾರದು. ಟಿ.ಎಸ್. ನಾಗಾಭರಣರ 'ಅಲ್ಲಮ' ಚಿತ್ರಕ್ಕೆ 2016ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಹಿನ್ನೆಲೆ ಸಂಗೀತದೊಡನೆ ಪ್ರಸಾಧನಕ್ಕೂ ಮನ್ನಣೆ ದೊರೆಯಿತು. ಶರಣರ ಚರಿತ್ರೆಯ ಚಿತ್ರವೊಂದರಲ್ಲಿ ಮುಖದ ಮೇಲಿನ ಕೆಲಸವೂ ಕಾಯಕವೆಂದು ಗುರುತಿಸಲ್ಪಟ್ಟದ್ದು ಸಂತೋಷದ ವಿಷಯ.

ನಮ್ಮ ಮನೆಯ ಕಲಾ ನಿರ್ದೇಶನ

ಬಸವಕಲ್ಯಾಣವೂ ಇಂದು ತನ್ನ ರೂಪವನ್ನು ತಾನೇ ಮರಳಿ ಕಲ್ಪಿಸಿಕೊಳ್ಳುತ್ತಿದೆ. 108 ಅಡಿಯ ಬಸವಣ್ಣನವರ ಪ್ರತಿಮೆ ದೂರದಿಂದಲೇ ಕಾಣುತ್ತದೆ. ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಶಂಕುಸ್ಥಾಪನೆಯಾಯಿತು. 770 ಅಮರಗಣಂಗಳ ನೆನಪಿಗೆ 770 ಕಂಬಗಳ ಯೋಜನೆ ಅದರದು. ಮೂಲ ಮಂಟಪದ ಗೋಡೆ ಕಂಬಗಳು ಕಣ್ಣ ಮುಂದಿಲ್ಲದಿರುವಾಗ ಅದನ್ನು ಮರಳಿ ಕಟ್ಟುವವರೂ ಒಂದು ಅರ್ಥದಲ್ಲಿ ಕಲಾ ನಿರ್ದೇಶಕರೇ. ಅವರ ಮುಂದಿರುವ ಪ್ರಶ್ನೆಯೂ ಇದೇ. ಅರಮನೆಯ ವೈಭವದಿಂದ ಶರಣರನ್ನು ಗೌರವಿಸುವುದೋ, ಶರಣರ ಸರಳತೆಯಿಂದಲೇ ಶರಣರನ್ನು ಗೌರವಿಸುವುದೋ?

ಈ ಪ್ರಶ್ನೆ ಚಿತ್ರರಂಗದವರಿಗೂ ಶಿಲ್ಪಿಗಳಿಗೂ ಮಾತ್ರ ಸೇರಿದುದಲ್ಲ. ಪ್ರತಿವರ್ಷ ಬಸವ ಜಯಂತಿಯಂದು ನಮ್ಮ ಮನೆಮನೆಯ ಮಕ್ಕಳು ಬಸವಣ್ಣ, ಅಕ್ಕ, ಅಲ್ಲಮ, ಚನ್ನಬಸವಣ್ಣನವರಾಗಿ ಮೆರವಣಿಗೆಯಲ್ಲಿ ಸಾಗುತ್ತಾರೆ. ಅವರಿಗೆ ವೇಷ ತೊಡಿಸುವ ತಾಯಂದಿರೇ ಆ ದಿನದ ಕಲಾ ನಿರ್ದೇಶಕರು. ಬಾಡಿಗೆಯ ಅಂಗಡಿಯಿಂದ ತಂದ ಮಿಂಚುವ ಕಿರೀಟ, ನೈಲಾನ್ ಪೀತಾಂಬರ, ಅಂಟಿಸಿದ ಮೀಸೆ, ಇಷ್ಟರಲ್ಲಿ ಎಲ್ಲ ಮಕ್ಕಳೂ ಒಂದೇ ಪೌರಾಣಿಕ ನಾಟಕದ ಅರಸುಗಳಾಗಿಬಿಡುತ್ತಾರೆ. ಬಸವಣ್ಣನಾಗಲು ಎಲ್ಲ ಮಕ್ಕಳಿಗೂ ಆಸೆ. ಹರಳಯ್ಯನಾಗಲು, ಮಾಚಯ್ಯನಾಗಲು ಒಪ್ಪುವ ಮಗುವನ್ನು ಹುಡುಕಬೇಕು. ಏಕೆಂದರೆ ಅವರಿಗೆ ಕಿರೀಟವಿಲ್ಲ. ಹನ್ನೆರಡನೆಯ ಶತಮಾನವು ಒಡೆದ ಏಣಿಯನ್ನು ಇಪ್ಪತ್ತೊಂದನೆಯ ಶತಮಾನದ ಬಟ್ಟೆಯ ಪೆಟ್ಟಿಗೆ ಮತ್ತೆ ನಿಲ್ಲಿಸುತ್ತದೆ.

ಇದಕ್ಕೆ ಹೆಚ್ಚಿನ ವೆಚ್ಚದ ಪರಿಹಾರ ಬೇಕಿಲ್ಲ. ಒಂದು ಕೈಮಗ್ಗದ ಪಂಚೆ, ಬಣ್ಣ ಹಾಕದ ಒಂದು ಹತ್ತಿಯ ಶಲ್ಯ, ಅಜ್ಜನ ಕಂಬಳಿ, ಮನೆಯ ಹುಲ್ಲುಹಗ್ಗ, ಒಂದು ಬಿದಿರಿನ ಬುಟ್ಟಿ, ಹಣೆಗೆ ವಿಭೂತಿ. ಇಷ್ಟಿದ್ದರೆ ಒಂದು ಓಣಿಯ ಮಕ್ಕಳೆಲ್ಲ ಸೇರಿ ಒಂದು ಅನುಭವ ಮಂಟಪವಾಗಬಲ್ಲರು. ಪ್ರತಿ ಮಗುವಿನ ಕೈಗೂ ಒಂದು ಕಾಯಕದ ಉಪಕರಣ ಬರಲಿ. ಆ ಶರಣರು ಏನು ಕೆಲಸ ಮಾಡುತ್ತಿದ್ದರೆಂದು ವೇಷ ತೊಡಿಸುವಾಗಲೇ ತಾಯಿ ಹೇಳಲಿ. ಯಾರನ್ನು ಯಾರಿಂದ ಬೇರ್ಪಡಿಸುವುದೂ ಬಟ್ಟೆಯಿಂದ ಆಗದಂತೆ ನೋಡಿಕೊಳ್ಳಲಿ.

ಬಸವಕಲ್ಯಾಣಕ್ಕೆ ಯಾತ್ರೆ ಹೋಗುವ ಕುಟುಂಬಗಳು ಕೋಟೆ, ಗವಿ, ಗದ್ದುಗೆಗಳ ದರ್ಶನದೊಡನೆ ಜಲಸಂಗ್ವಿಯ ದೇವಾಲಯಕ್ಕೂ ಒಂದು ಗಳಿಗೆ ಹೋಗಿಬರಬೇಕು. ಮಕ್ಕಳಿಗೆ ಬರೆಯುತ್ತಿರುವ ಮದನಿಕೆಯನ್ನು ತೋರಿಸಬೇಕು. ಹಿಂಗಾರಿನ ದಿನಗಳಾದರೆ ದಾರಿಯ ಬದಿಯ ಕುಸುಬೆಯ ಹೊಲದ ಬಳಿ ಗಾಡಿಯನ್ನು ನಿಲ್ಲಿಸಿ, ಒಡೆಯರ ಅಪ್ಪಣೆ ಕೇಳಿ, ಬಿದ್ದ ಎಸಳುಗಳನ್ನು ಅಂಗೈಯಲ್ಲಿ ತಿಕ್ಕಿ ನೋಡಲು ಹೇಳಬೇಕು. ಹಳದಿ ಬಣ್ಣ ಅಂಟಿದ ಆ ಅಂಗೈಯಿಂದ ಅವರು ಕಲ್ಯಾಣದ ಚಿತ್ರ ಬರೆಯಲು ಕುಳಿತರೆ, ಕಿರೀಟದಿಂದ ಆರಂಭಿಸಲಾರರು. ದುಡಿಯುವ ಕೈಯಿಂದ ಆರಂಭಿಸುತ್ತಾರೆ.